ಚಳಿಗಾಲದ ರೇಷ್ಮೆ ಹುಳುಮನೆಗೆ ಫಾರ್ಮಾಲಿನ್: ನನ್ನ ಅನುಭವ

"ಫಾರ್ಮಾಲಿನ್ ಹೊಡೆದ್ರೂ ಹಾಲುತೊಂಡೆ ಬರೋದು ಬರ್ತದೆ, ದುಡ್ಡು ದಂಡ ಕಣಪ್ಪ" ಅಂತ ನಮ್ಮ ಶಿಡ್ಲಘಟ್ಟದ ಕಡೆ ಹೇಳದವರಿಲ್ಲ. ಹಾಲುತೊಂಡೆ ಅಂದರೆ ರೇಷ್ಮೆ ಹುಳುವಿಗೆ ವೈರಸ್ಸಿನಿಂದ ಬರುವ ರೋಗ. ಅದು ಬಾರದಿರಲಿ ಅಂತ ಬೆಳೆಗೆ ಮುಂಚೆ ಖಾಲಿ ಮನೆಗೆ ಹೊಡೆಯುವ ಮದ್ದು ಫಾರ್ಮಾಲಿನ್, ನೀರಿನಲ್ಲಿ ಕರಗಿಸಿದ ಫಾರ್ಮಾಲ್ಡಿಹೈಡ್ ಅನಿಲ. ಎರಡು ಚಳಿಗಾಲ ನನಗೂ ಹಾಗೇ ಅನ್ನಿಸಿತ್ತು. ಮೊದಲ ಸಲ 200 ಮೊಟ್ಟೆ, ಅಂದರೆ 200 ಚಿಟ್ಟೆಗಳು ಇಟ್ಟ ಮೊಟ್ಟೆಗಳ ಹುಳು, ಮೇಯಿಸಿದ್ದೆ. ನಾಲ್ಕನೇ ಜ್ವರ (ಹುಳು ಪೊರೆ ಬಿಡುವ ನಿದ್ದೆ) ಎದ್ದ ಮೂರನೇ ದಿನಕ್ಕೆ ಹುಳು ಊದಿ, ಸ್ಟ್ಯಾಂಡಿನ ಅಂಚಿಗೆ ಹರಿದು, ಮುಟ್ಟಿದರೆ ಒಡೆದು ಹಾಲು ಸುರಿಸುತ್ತಿದ್ದವು. 130 ಕೆಜಿ ಬರಬೇಕಾದ ಗೂಡು 45ಕ್ಕೆ ನಿಂತಿತು. ಹತ್ತಿರ ಹತ್ತಿರ 40 ಸಾವಿರ ಹೋಯಿತು.

ತಪ್ಪು ಫಾರ್ಮಾಲಿನ್ ಕ್ಯಾನಿನ ತಳದಲ್ಲೇ ಇತ್ತು. ಚಳಿಗೆ ಫಾರ್ಮಾಲ್ಡಿಹೈಡ್ ಸರಪಳಿಯಾಗಿ ಕೂಡಿಕೊಂಡು, ಮೊಸರಿನ ಗಸಿಯ ಹಾಗೆ ಬೆಳ್ಳಗೆ ಕೆಳಗೆ ಕೂತಿತ್ತು. ನಾನು ಆ ಗಸಿಯನ್ನು ಚೆಲ್ಲಿ, ಮೇಲಿನ ತಿಳಿಯನ್ನೇ 36 ಪರ್ಸೆಂಟ್ ಅಂತ ನಂಬಿ ಒಂದಕ್ಕೆ 17 ನೀರು ಬೆರೆಸಿದ್ದೆ. ಹೊಡೆಯಲು ಬೇಕಾದ ಶೇ. 2ರ ದ್ರಾವಣ ಎಲ್ಲಿಂದ ಬರಬೇಕು? ಅದೂ ಸಾಲದೆ ಹೊಡೆದದ್ದು ಸಂಜೆ. ಒಳಗೆ 15 ಡಿಗ್ರಿ ಇದ್ದರೆ ಅನಿಲ ಸರಿಯಾಗಿ ಏಳುವುದಿಲ್ಲ, ಮದ್ದಿನ ಕೆಲಸ ಕುಂದುತ್ತದೆ.

ಮೂರನೇ ವರ್ಷ ಗಸಿ ಕಾಣದ ಹೊಸ ಮಾಲನ್ನೇ ತಂದೆ. ಮೊದಲು ಮನೆ ತೊಳೆದು, ಗೋಡೆಗೆ ನೀರು ಚಿಮುಕಿಸಿ ಒದ್ದೆ ಮಾಡಿದೆ. ಇದ್ದಿಲ ಒಲೆಯಿಟ್ಟು ಮನೆಯನ್ನು 27 ಡಿಗ್ರಿಗೆ ತಂದು, ಒಲೆಯನ್ನು ಹೊರಗೆ ಸಾಗಿಸಿದ ಮೇಲೇ ಪಂಪು ಹಿಡಿದದ್ದು. ಈ ಅನಿಲಕ್ಕೆ ಬೆಂಕಿ ಹತ್ತುತ್ತದೆ. ಹೊತ್ತು ಮಧ್ಯಾಹ್ನ 12. ನಮ್ಮ 20 ಅಡಿ ಅಗಲ, 30 ಅಡಿ ಉದ್ದದ ಮನೆಗೆ ನೂರು ಲೀಟರ್ ದ್ರಾವಣ, ಅಂದರೆ ಫಾರ್ಮಾಲಿನ್ ಐದೂವರೆ ಲೀಟರ್, ಜೊತೆಗೆ ಅರ್ಧ ಕೆಜಿ ಅರಳಿದ ಸುಣ್ಣ. ಹಾಲುತೊಂಡೆಯ ವೈರಸ್ಸಿನ ಗಟ್ಟಿ ಹೊದಿಕೆ ಕರಗುವುದು ಕ್ಷಾರಕ್ಕೇ. ಹುಳು ಗೂಡು ಕಟ್ಟುವ ಚಂದ್ರಿಕೆಗಳೂ ಒಳಗೇ ಇದ್ದವು. 24 ಗಂಟೆ ಮುಚ್ಚಿಟ್ಟೆ. ಶೀಟಿನ ಸಂದಿಗಳಿಗೆ ಮೆತ್ತಿದ ಅಂಟು ನಾನೇ ಕಲಸಿದ್ದು, ಅದನ್ನು ಮಾತ್ರ ಹೇಳುವುದಿಲ್ಲ.

ಮುಖವಾಡ, ಕನ್ನಡಕ ಇಲ್ಲದೆ ಖಂಡಿತ ಒಳಗೆ ಹೋಗಬೇಡಿ. ಕಣ್ಣುರಿ ಒಂದೇ ಅಲ್ಲ, ಕ್ಯಾನ್ಸರ್ ತರುವ ಪದಾರ್ಥಗಳ ಪಟ್ಟಿಯಲ್ಲಿ ಇದರ ಹೆಸರಿದೆ.

ವಾಸನೆ ಓಡಿಸಲು ಹಳೇ ಗಂಜಲವನ್ನು ಬೋಸಿಗಳಲ್ಲಿ ತುಂಬಿಟ್ಟು ನೋಡಿದೆ. ಅದರ ಅಮೋನಿಯಾ ಫಾರ್ಮಾಲ್ಡಿಹೈಡಿನ ಜೊತೆ ಸೇರಿ ಹೆಕ್ಸಮೀನ್ ಆಗುತ್ತದೆ. ಘಾಟು ಕಡಿಮೆಯಾಯಿತು ನಿಜ, ಆದರೆ ಗಂಜಲದ ವಾಸನೆ ತೆಗೆಯಲು ಮತ್ತೆ ಎರಡು ದಿನ ಬೇಕಾಯಿತು. ಈಗ ಕಿಟಕಿ ತೆರೆದಿಟ್ಟು ಕಾಯುತ್ತೇನೆ.

ಆ ಬೆಳೆ 200 ಮೊಟ್ಟೆಗೆ 138 ಕೆಜಿ ಗೂಡು ಕೊಟ್ಟಿತು, ಮದ್ದಿನ ಖರ್ಚು ಸಾವಿರದೊಳಗೆ. ದಂಡ ಅಂದಿದ್ದ ಪಕ್ಕದ ಮನೆಯ ಅಣ್ಣ ಮೊನ್ನೆ ನನ್ನ ಪಂಪನ್ನೇ ಕೇಳಿ ಒಯ್ದಿದ್ದಾರೆ.