ಅಡಿಕೆ ಸುಗ್ಗಿಯಲ್ಲಿ ನಿಮ್ಮ ಆರೈಕೆ: ಎಲ್ಲಿಂದ ಶುರು ಮಾಡಬೇಕು?

ದೀಪಾವಳಿ ಹತ್ತಿರ ಬಂತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಎಲ್ಲಿ ಹೋದರೂ ಕೊನೆ ಕೊಯ್ಲಿನದೇ, ಅಂದರೆ ಅಡಿಕೆ ಗೊನೆ ಇಳಿಸುವುದರದೇ ಮಾತು. ಹಸಿ ಅಡಿಕೆ ಕೊಯ್ದ ಮೇಲೆ ಇಟ್ಟುಕೊಂಡು ಕೂರುವ ಹಾಗಿಲ್ಲ. ಬೇಗ ಸುಲಿಯಬೇಕು, ಬೇಯಿಸಬೇಕು, ಒಣಹಾಕಬೇಕು. ಇದರ ಮಧ್ಯೆ ಕೆಲಸದವರ ಊಟ, ಕೊಟ್ಟಿಗೆ, ಮಕ್ಕಳ ಶಾಲೆ. ಮನೆಯ ಹೆಂಗಸರು ತಮ್ಮ ಮೈನೋವು, ನಿದ್ದೆಗೇಡನ್ನೆಲ್ಲ "ಸುಗ್ಗಿ ಮುಗೀಲಿ, ಆಮೇಲೆ ನೋಡೋಣ" ಎಂದು ಮುಂದಕ್ಕೆ ಹಾಕುತ್ತಾರೆ. ಸುಗ್ಗಿ ಮುಗಿದರೆ ಕಾಳುಮೆಣಸು, ಆಮೇಲೆ ಹಪ್ಪಳ, ಮಿಡಿ ಉಪ್ಪಿನಕಾಯಿ, ಮಳೆಗಾಲದ ಕಟ್ಟಿಗೆ. ಬಿಡುವು ಸಿಗುವುದು ಯಾವಾಗ? ಹಾಗಾಗಿ ಬಿಡುವಿಗೆ ಕಾಯಬೇಡಿ. ಕೆಲಸದ ನಡುವೆಯೇ ಮಾಡಿಕೊಳ್ಳಬಹುದಾದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲು, ಮಲಗುವ ಹೊತ್ತು ಗೊತ್ತು ಮಾಡಿ

ದೊಡ್ಡವರಿಗೆ ರಾತ್ರಿ ಕನಿಷ್ಠ 7 ಗಂಟೆ ನಿದ್ದೆ ಬೇಕು. ಬೆಳಗ್ಗೆ 5ಕ್ಕೆ ಏಳುವವರು ಹತ್ತು ಗಂಟೆಗೆ ಮಲಗಲೇಬೇಕು ಅಂತಾಯ್ತು. ಅಂದರೆ ಒಂಬತ್ತೂವರೆಗೆ ಅಡಿಕೆ ಸುಲಿಯುವ ಮೆಟ್ಟುಗತ್ತಿಯಿಂದ ಏಳಬೇಕು. ಇದನ್ನು ಒಬ್ಬರೇ ಮನಸ್ಸಿನಲ್ಲಿ ಅಂದುಕೊಂಡರೆ ಆಗುವುದಿಲ್ಲ, ಕೊಯ್ಲು ಶುರುವಾಗುವ ಮೊದಲೇ ಮನೆಯಲ್ಲಿ ಎಲ್ಲರೆದುರು ಹೇಳಿ. ದಿನಕ್ಕೆ ಎಷ್ಟು ಮರದ ಕೊನೆ ಇಳಿಸಬೇಕು ಎನ್ನುವುದನ್ನು ಸುಲಿಯುವ ಕೈಗಳ ಲೆಕ್ಕ ನೋಡಿ ತೀರ್ಮಾನಿಸಲಿ. ಕೊಯ್ಸುವವರು ಗಂಡಸರು, ರಾತ್ರಿ ಕೂತು ಮುಗಿಸುವವರು ಹೆಂಗಸರು ಎಂದಾದರೆ ಈ ಲೆಕ್ಕ ಯಾವತ್ತೂ ಸರಿ ಹೋಗುವುದಿಲ್ಲ.

ಮೆಟ್ಟುಗತ್ತಿ ಮೇಲೆ ಕೂತಾಗ

ಹೆಚ್ಚು ಪೆಟ್ಟು ಬೀಳುವುದು ಇಲ್ಲೇ. ಸುಲಿಯುವವರನ್ನು ಸ್ವಲ್ಪ ಹೊತ್ತು ಗಮನಿಸಿ ನೋಡಿ. ಬೆನ್ನು ಮುಂದಕ್ಕೆ ಬಾಗಿರುತ್ತದೆ, ಕುತ್ತಿಗೆ ತಗ್ಗಿರುತ್ತದೆ. ಕಾಯಿ ಅಲಗಿಗೆ ಒತ್ತುವುದು, ತಿರುಗಿಸುವುದು, ಸಿಪ್ಪೆ ಬಿಡಿಸುವುದು, ಇಷ್ಟೇ ಮತ್ತೆ ಮತ್ತೆ. ಅದೇ ಹೆಬ್ಬೆರಳು, ಅದೇ ಮಣಿಕಟ್ಟು, ಗಂಟೆಗಟ್ಟಲೆ. ಬೆನ್ನಿನ ಸ್ನಾಯುಗಳು ಒಂದೇ ಭಂಗಿಯಲ್ಲಿ ಬಿಗಿದುಕೊಂಡೇ ಇರುವುದರಿಂದ ಮಾರನೇ ದಿನ ನೋವು ಶುರುವಾಗುತ್ತದೆ.

ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲಿ. "ಇದೊಂದು ಡಬ್ಬ ತುಂಬಿಸಿ ಏಳ್ತೀನಿ" ಅನ್ನಬೇಡಿ, ಆ ಡಬ್ಬ ತುಂಬಿದ ಮೇಲೆ ಇನ್ನೊಂದು ಬರುತ್ತದೆ. ಎದ್ದು ಎರಡೂ ಕೈ ಸೊಂಟದ ಮೇಲಿಟ್ಟು ನಿಧಾನವಾಗಿ ಹಿಂದಕ್ಕೆ ಬಾಗಿ. ಭುಜ ತಿರುಗಿಸಿ. ಬೆರಳುಗಳನ್ನು ಪೂರ್ತಿ ಬಿಚ್ಚಿ, ಮುಷ್ಟಿ ಮಾಡಿ, ಮತ್ತೆ ಬಿಚ್ಚಿ. ಅಂಗಳದಲ್ಲಿ ಒಂದು ಸುತ್ತು ಬಂದು ಕೂರಿ. ಎರಡು ನಿಮಿಷದ ಕೆಲಸ. ಕೂಲಿಗೆ ಬಂದವರೂ ಇದ್ದರೆ ಎಲ್ಲರೂ ಒಟ್ಟಿಗೆ ಏಳಿ. ಡಬ್ಬದ ಲೆಕ್ಕದಲ್ಲಿ ದುಡಿಯುವವರು ತಾವಾಗಿ ಏಳಲು ಹಿಂಜರಿಯುತ್ತಾರೆ.

ಕೂರುವಾಗ ಅಡಿಗೆ ದಪ್ಪಗೆ ಮಡಚಿದ ಕಂಬಳಿ ಹಾಕಿ. ಬೆನ್ನಿಗೆ ಗೋಡೆ ಅಥವಾ ಕಂಬ ಸಿಗುವ ಜಾಗ ಹಿಡಿಯಿರಿ. ದೀಪ ಕೈ ಮೇಲೆ ಬೀಳುವ ಹಾಗಿರಲಿ, ಮಂದ ಬೆಳಕಲ್ಲಿ ಕುತ್ತಿಗೆ ಇನ್ನಷ್ಟು ತಗ್ಗುತ್ತದೆ, ಬೆರಳೂ ಕುಯ್ದುಕೊಳ್ಳುತ್ತದೆ. ಕುಯ್ದರೆ ಸೋಪು ನೀರಲ್ಲಿ ತೊಳೆದು ಬಟ್ಟೆ ಕಟ್ಟಿ. ಗಾಯ ಆಳವಾಗಿದ್ದರೆ ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಆಸ್ಪತ್ರೆಯಲ್ಲಿ ಕೇಳಿ. ಕೂರುವ ಮೊದಲು ಬೆರಳಿಗೆ ಕೊಬ್ಬರಿ ಎಣ್ಣೆ ಸವರಿಕೊಂಡರೆ ಚೊಗರು ಅಷ್ಟಾಗಿ ಹಿಡಿಯುವುದಿಲ್ಲ. ಆದರೆ ಅಂಗೈ ಜಾರುವಷ್ಟು ಹಚ್ಚಬೇಡಿ.

ನಿದ್ದೆ ಬರಬಾರದು ಅಂತ ಕವಳ (ಎಲೆ ಅಡಿಕೆ) ಹಾಕುವುದು

ಇದನ್ನು ಬರೆಯುವುದು ಸುಲಭ ಅಲ್ಲ, ನಮ್ಮ ಊರಿನ ಅನ್ನವೇ ಅಡಿಕೆ. ಆದರೂ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನೂ ಜಾಸ್ತಿ. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಬಾಯಿ ಪೂರ್ತಿ ತೆರೆಯಲು ಕಷ್ಟ, ಖಾರ ತಾಗಿದರೆ ಉರಿ, ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ದಂತ ವೈದ್ಯರಿಗೆ ತೋರಿಸಿ. ನಿದ್ದೆ ತೂಗಿದರೆ ಕವಳ ಬೇಡ, ಎದ್ದು ಹೋಗಿ ಮಲಗಿ.

ಊಟ, ನೀರು, ಮಾತ್ರೆ

ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ಉಣ್ಣುವ ಪದ್ಧತಿ ಸುಗ್ಗಿಯಲ್ಲಂತೂ ಬೇಡ. ಮೊದಲ ಪಂಕ್ತಿಯಲ್ಲೇ ಕೂರಿ. ಪಾತ್ರೆ ನಡುವೆ ಇಟ್ಟರೆ ಅವರವರೇ ಬಡಿಸಿಕೊಳ್ಳುತ್ತಾರೆ. ಅಡುಗೆಯೂ ಸರಳವಾಗಿರಲಿ. ತೋಟದ ಬಸಿಗಾಲುವೆ ಪಕ್ಕ ಒಂದೆಲಗ ಇದ್ದೇ ಇರುತ್ತದಲ್ವಾ? ಒಂದು ಹಿಡಿ ಕಿತ್ತು ಚೆನ್ನಾಗಿ ತೊಳೆದು, ಜೀರಿಗೆ, ನಾಲ್ಕು ಕಾಳುಮೆಣಸು, ಕಾಯಿತುರಿ ಜೊತೆ ರುಬ್ಬಿ ಮಜ್ಜಿಗೆ ಬೆರೆಸಿದರೆ ತಂಬುಳಿ ಆಯಿತು. ಒಲೆ ಹಚ್ಚುವ ಕೆಲಸವೂ ಇಲ್ಲ. ಕಾಳು ಹಾಕಿದ ಪಲ್ಯ ಒಂದಿದ್ದರೆ ಊಟ ಪೂರ್ತಿ.

ಅಡಿಕೆ ಬೇಯಿಸುವ ಒಲೆ ಮುಂದೆ ನಿಲ್ಲುವವರು ಪಕ್ಕದಲ್ಲೇ ನೀರಿನ ಚೊಂಬು ಇಟ್ಟುಕೊಳ್ಳಿ. ಬರೀ ಕಾಫಿ ಸಾಲದು.

ಬಿಪಿ, ಶುಗರ್ ಮಾತ್ರೆ ತೆಗೆದುಕೊಳ್ಳುವವರು ಒಂದು ದಿನವೂ ತಪ್ಪಿಸಬೇಡಿ. ಮೂವತ್ತು ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇವೆರಡನ್ನೂ ಉಚಿತವಾಗಿ ನೋಡುತ್ತಾರೆ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಕೇಳಿ, ಯಾವ ದಿನ ಹೋಗಬೇಕೆಂದು ಹೇಳುತ್ತಾರೆ.

ಕಾಡಿಗೆ ಹೋಗಿ ಬಂದರೆ

ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದು ನಮ್ಮ ಶಿವಮೊಗ್ಗ ಜಿಲ್ಲೆಯಲ್ಲೇ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಸೋಂಕು ತಗುಲಿದ ಉಣುಗು (ಉಣ್ಣೆ ಹುಳ) ಕಚ್ಚಿದರೆ ಬರುತ್ತದೆ. ಡಿಸೆಂಬರ್‌ನಿಂದ ಮೇ ತನಕ ಇದರ ಕಾಟ ಹೆಚ್ಚು, ಕೊಯ್ಲಿನ ಕೊನೆಯ ಭಾಗವೂ ಇದೇ ಸಮಯಕ್ಕೆ ಬೀಳುತ್ತದೆ. ಸೊಪ್ಪು, ತರಗೆಲೆ, ಕಟ್ಟಿಗೆಗೆ ಹೋಗುವಾಗ ಮೈತುಂಬ ಬಟ್ಟೆ ಹಾಕಿ. ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆಯನ್ನು ಬಟ್ಟೆಯಿಂದ ಹೊರಗಿರುವ ಕೈಕಾಲಿಗೆ ಹಚ್ಚಿ. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಹಂಡೆಯ ಬಿಸಿನೀರಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ. ಕಂಕುಳು, ಮಂಡಿಯ ಹಿಂಭಾಗ, ಕಿವಿಯ ಹಿಂದೆ ಕೈಯಾಡಿಸಿ ನೋಡಿ. ಉಣುಗು ಕಚ್ಚಿಕೊಂಡಿದ್ದರೆ ಬೆರಳಲ್ಲಿ ಹಿಸುಕಬೇಡಿ, ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ. ದಿಢೀರ್ ಜ್ವರ, ವಿಪರೀತ ತಲೆನೋವು, ಮೈಕೈ ನೋವು ಬಂದರೆ ಮನೆಮದ್ದು ಮಾಡುತ್ತಾ ಕೂರದೆ ಆಸ್ಪತ್ರೆಗೆ ಹೋಗಿ. ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಿ.

ಮನಸ್ಸು ಭಾರವಾದರೆ

ಸುಲಿಯುವ ಕೊಟ್ಟಿಗೆಯಲ್ಲಿ ಮಾತು, ನಗು ಇರುತ್ತದೆ, ಅದು ಒಳ್ಳೆಯದೇ. ಆದರೆ ಎಲ್ಲವನ್ನೂ ಅಲ್ಲಿ ಹೇಳಿಕೊಳ್ಳಲು ಆಗುವುದಿಲ್ಲ. ದಿನದಲ್ಲಿ ಒಂದು ಹತ್ತು ನಿಮಿಷ ಅಕ್ಕನಿಗೋ ಗೆಳತಿಗೋ ಫೋನ್ ಮಾಡಿ, ರೇಟು, ಮಳೆ ಬಿಟ್ಟು ನಿಮ್ಮ ವಿಷಯ ಮಾತಾಡಿ. ಎರಡು ವಾರ ಕಳೆದರೂ ನಿದ್ದೆ ಬಾರದೆ, ಯಾವುದರಲ್ಲೂ ಆಸಕ್ತಿ ಇಲ್ಲದೆ, ಸುಮ್ನೆ ಅಳು ಬರುವ ಹಾಗಿದ್ದರೆ ಅದನ್ನು ಸುಸ್ತು ಅಂದುಕೊಳ್ಳಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಮನೆಯಲ್ಲಿ ನೆಟ್‌ವರ್ಕ್ ಸಿಗದಿದ್ದರೆ, ಸಿಗ್ನಲ್ ಬರುವ ದಿಣ್ಣೆಯ ಮೇಲೆ ಹೋಗಿಯಾದರೂ ಆ ಕರೆ ಮಾಡಿ.