ಬಿಡದಿ ಪಕ್ಕದ ಶಾಲೆಯಲ್ಲಿ ಜಪಾನ್ ಪಾಠ

ನಾನು ಬಿಡದಿ ಹತ್ತಿರದ ಒಂದು ಸರ್ಕಾರಿ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಮ್ಮ ಮಕ್ಕಳಲ್ಲಿ ಹಲವರ ಅಪ್ಪಂದಿರು, ಅಣ್ಣಂದಿರು ಟೊಯೋಟಾ ಕಾರ್ಖಾನೆಗೋ, ಬಿಡಿಭಾಗ ಮಾಡುವ ಕಂಪನಿಗಳಿಗೋ ಕೆಲಸಕ್ಕೆ ಹೋಗುತ್ತಾರೆ. ಕೆಲಸವನ್ನು ದಿನದಿನಕ್ಕೂ ಸ್ವಲ್ಪ ಸ್ವಲ್ಪ ಸುಧಾರಿಸುತ್ತಾ ಹೋಗುವುದಕ್ಕೆ ಜಪಾನಿನವರು ಹೇಳುವ 'ಕೈಜೆನ್' ಅನ್ನೋ ಮಾತು ಈ ಮನೆಗಳಿಗೆ ಹೊಸದಲ್ಲ. ಟಿವಿಯಲ್ಲಿ ಜಪಾನಿ ಕಾರ್ಟೂನ್ ನೋಡದ ಮಗುವಂತೂ ಇಲ್ಲವೇ ಇಲ್ಲ. ಆದರೂ ಜಪಾನ್ ಬಗ್ಗೆ ಹೇಳಿ ಅಂದರೆ ಬುಲೆಟ್ ರೈಲು, ಭೂಕಂಪ, ಹಿರೋಶಿಮಾ, ಅಷ್ಟಕ್ಕೇ ನಿಲ್ಲುತ್ತದೆ. ತಮ್ಮದೇ ವಯಸ್ಸಿನ ಒಬ್ಬ ಹುಡುಗಿ ಅಲ್ಲಿ ಬೆಳಗ್ಗೆ ಎದ್ದು ಶಾಲೆಗೆ ಹೋಗಿ ಏನು ಮಾಡುತ್ತಾಳೆ? ಬ್ಯಾಗ್ ಇಲ್ಲದ ಶನಿವಾರಗಳಲ್ಲಿ ಇದನ್ನೇ ಪಾಠ ಮಾಡೋಣ ಅಂತ ಶುರು ಮಾಡಿದೆ.

ಶುರು ಮಾಡುವ ಮೊದಲೇ ಒಂದು ನಿರ್ಧಾರ ಮಾಡಿಕೊಂಡಿದ್ದೆ. ಜಪಾನನ್ನು ಬೆತ್ತ ಮಾಡಿಕೊಳ್ಳಬಾರದು. 'ನೋಡಿ, ಅವರು ಎಷ್ಟು ಶಿಸ್ತು, ನೀವು ಹೀಗೆ' ಅನ್ನುವ ಭಾಷಣ ನಮ್ಮಲ್ಲಿ ಬೇಕಾದಷ್ಟಿದೆ. ಅದನ್ನು ಕೇಳಿದ ಮಗುವಿಗೆ ಜಪಾನ್ ಮೇಲೂ ಪ್ರೀತಿ ಹುಟ್ಟುವುದಿಲ್ಲ, ತನ್ನ ಮೇಲೂ ಹುಟ್ಟುವುದಿಲ್ಲ. ಹಾಗಾಗಿ ಹೇಳುವುದು ಕಡಿಮೆ, ಮಾಡುವುದು ಜಾಸ್ತಿ ಅಂತ ಇಟ್ಟುಕೊಂಡೆ.

ಮೊದಲು ಅಲ್ಲಿನ ಶಾಲೆಯ ಒಂದು ದಿನ ತೆಗೆದುಕೊಂಡೆ. ಬಾಗಿಲಲ್ಲೇ ಹೊರಗಿನ ಶೂ ಬಿಚ್ಚಿ, ತಮ್ಮ ಹೆಸರಿನ ಗೂಡಿನಲ್ಲಿಟ್ಟು, ಒಳಗೆ ಹಾಕುವ ಬಿಳಿ ಮೆತ್ತನೆ ಶೂ ಹಾಕಿಕೊಳ್ಳುತ್ತಾರೆ. ಚಪ್ಪಲಿ ಹೊರಗೆ ಬಿಡೋದು ನಮಗೂ ಗೊತ್ತಿದ್ದದ್ದೇ ಅಲ್ವಾ, ಹಾಗಾಗಿ ಇದಕ್ಕೆ ಯಾರೂ ಹುಬ್ಬೇರಿಸಲಿಲ್ಲ. ಶಾಲೆಯ ವರ್ಷ ಏಪ್ರಿಲ್‌ನಲ್ಲಿ ಶುರುವಾಗುತ್ತದೆ ಅಂದಾಗ ಮಾತ್ರ, 'ಹಾಗಾದರೆ ಅವರಿಗೆ ಮಾವಿನ ಹಣ್ಣಿನ ರಜೆ ಇಲ್ವಾ ಮಿಸ್' ಅಂತ ಒಬ್ಬ ನಿಜಕ್ಕೂ ಬೇಜಾರು ಮಾಡಿಕೊಂಡ.

ಆಮೇಲೆ ಬಂದದ್ದು ಶುಚಿ ಮಾಡುವ ಹೊತ್ತು. ಜಪಾನಿನ ಹೆಚ್ಚಿನ ಶಾಲೆಗಳಲ್ಲಿ ದಿನಕ್ಕೆ 15–20 ನಿಮಿಷ ಮಕ್ಕಳೇ ತರಗತಿ, ಕಾರಿಡಾರು ಗುಡಿಸಿ ಒರೆಸುತ್ತಾರೆ. ಇದರ ವಿಡಿಯೋ ತೋರಿಸಿ 'ನಾವೂ ಮಾಡೋಣ' ಅನ್ನುವುದು ಸುಲಭ. ಆದರೆ ನಮ್ಮೂರುಗಳಲ್ಲಿ ಶಾಲೆಯ ಪೊರಕೆ ಯಾವ ಮಕ್ಕಳ ಕೈಗೆ ಬರುತ್ತಿತ್ತು, ಯಾರ ಕೈಗೆ ಬರುತ್ತಿರಲಿಲ್ಲ ಅನ್ನೋದು ಎಲ್ಲರಿಗೂ ಗೊತ್ತಿರುವ ವಿಷಯ. ನಮ್ಮಲ್ಲೂ ಮಕ್ಕಳೇ ತರಗತಿ ಶುಚಿ ಮಾಡುತ್ತಾರಂತೆ ಅನ್ನುವ ಸುದ್ದಿ ತಿಳಿದ ಒಬ್ಬ ತಾಯಿ ಶಾಲೆಗೇ ಬಂದರು. 'ಮೇಡಂ, ನಾನು ಇವಳ ವಯಸ್ಸಲ್ಲಿ ಸ್ಕೂಲ್ ಕಸ ಹೊಡೆದಿದ್ದು ಸಾಕು. ನನ್ನ ಮಗಳು ಓದೋಕ್ ಬಂದಿರೋದು' ಅಂದರು. ಅವರ ಮಾತಿನಲ್ಲಿ ನ್ಯಾಯ ಇತ್ತು.

ಅವರನ್ನು ಕೂರಿಸಿ ಶುಚಿ ಕೆಲಸದ ಪಟ್ಟಿ ತೋರಿಸಿದೆ. ಪ್ರತಿ ಮಗುವಿನ ಹೆಸರೂ ಚೀಟಿಯಲ್ಲಿ ಇರುತ್ತದೆ, ನನ್ನ ಹೆಸರೂ ಇರುತ್ತದೆ. ಯಾವ ಕೆಲಸ ಯಾರಿಗೆ ಅನ್ನೋದು ಚೀಟಿ ಎತ್ತಿ ಗೊತ್ತಾಗಬೇಕು. ಒಂದು ಜಾಗ ಒಬ್ಬರಿಗೇ ಅಂಟಿಕೊಳ್ಳಬಾರದು. ಶೌಚಾಲಯ ಈ ಪಟ್ಟಿಗೆ ಸೇರುವುದೇ ಇಲ್ಲ. ಅವರು ಸ್ವಲ್ಪ ಹೊತ್ತು ಪಟ್ಟಿ ನೋಡಿ, 'ನೀವೂ ಒರೆಸ್ತೀರಾ' ಅಂತ ಕೇಳಿದರು. ಹೂಂ ಅಂದೆ. ಮೊದಲ ವಾರವೇ ನನ್ನ ಚೀಟಿಗೆ ಕಿಟಕಿ ಸರಳು ಬಂತು, ಒರೆಸಿದೆ. 'ಇದು ನಮ್ಮ ಮನೇಲಿ ನಮ್ಮಮ್ಮನ ಕೆಲಸ' ಅಂತ ಕೈಕಟ್ಟಿ ನಿಂತ ಗಂಡು ಮಕ್ಕಳಿಗೆ ಒದ್ದೆ ಬಟ್ಟೆ ಹಿಂಡುವುದು ಹೇಗೆ ಅಂತ ಹೆಣ್ಣು ಮಕ್ಕಳು ಹೇಳಿಕೊಟ್ಟರು.

ಒಂಬತ್ತನೇ ತರಗತಿಯವರಿಗೆ ಇದರ ಜೊತೆ ಇನ್ನೊಂದು ವಿಷಯವನ್ನೂ ಹೇಳಿದೆ. ಜಪಾನಿನಲ್ಲೂ ಚರ್ಮದ ಕೆಲಸ, ಪ್ರಾಣಿ ಕಡಿಯುವ ಕೆಲಸ ಮಾಡುತ್ತಿದ್ದವರನ್ನು ಕೀಳಾಗಿ ಕಂಡು ಬೇರೆ ಕೇರಿಗಳಲ್ಲಿ ಇಟ್ಟಿದ್ದರು. 1871ರಲ್ಲಿ ಸರ್ಕಾರ ಆ ಮೇಲು-ಕೀಳನ್ನು ಕಾನೂನಿನಲ್ಲಿ ತೆಗೆದುಹಾಕಿತು. ಆದರೂ ಅವರ ಮನೆತನದವರು, ಬುರಾಕು ಜನ, ಮದುವೆಯಲ್ಲಿ, ಕೆಲಸದಲ್ಲಿ ತಾರತಮ್ಯ ಅನುಭವಿಸುತ್ತಲೇ ಬಂದರು. ಅದನ್ನು ಹೋಗಲಾಡಿಸಲು 2016ರಲ್ಲಿ ಮತ್ತೊಂದು ಕಾನೂನು ಬಂತು. ಇದನ್ನು ಕೇಳಿ ತರಗತಿ ತುಂಬಾ ಹೊತ್ತು ಮಾತಾಡಿತು. ಒಂದು ದೇಶವನ್ನು ಮಕ್ಕಳಿಗೆ ಪರಿಚಯ ಮಾಡಿಸುವಾಗ ಅದರ ಗಾಯವನ್ನೂ ತೋರಿಸಬೇಕು ಅನ್ನುವುದು ನನ್ನ ನಂಬಿಕೆ. ಬರೀ ಚೆರ್ರಿ ಹೂವು ತೋರಿಸಿದರೆ ಅದು ಕ್ಯಾಲೆಂಡರ್ ಚಿತ್ರ ಅಷ್ಟೇ.

ಊಟದ ಪಾಠಕ್ಕೆ ನಮ್ಮ ಬಿಸಿಯೂಟವೇ ದಾರಿ ಮಾಡಿಕೊಟ್ಟಿತು. ಜಪಾನಿನಲ್ಲಿ ಶಾಲೆಯ ಊಟ ಶುರುವಾದದ್ದು 1889ರಲ್ಲಿ, ಯಾಮಾಗಾತಾ ಪ್ರಾಂತ್ಯದ ತ್ಸುರುಓಕಾ ಊರಿನ ಒಂದು ಬೌದ್ಧ ದೇವಾಲಯದ ಶಾಲೆಯಲ್ಲಿ. ಬಡ ಮಕ್ಕಳಿಗೆ ಅನ್ನದ ಉಂಡೆ, ಸುಟ್ಟ ಉಪ್ಪು ಮೀನು, ಉಪ್ಪಿನಕಾಯಿ ಕೊಡುತ್ತಿದ್ದರು. 1954ರಲ್ಲಿ ಅದಕ್ಕೆ ಕಾನೂನೇ ಬಂತು. ಈಗ ಬಿಳಿ ಕೋಟು, ಟೋಪಿ ಹಾಕಿಕೊಂಡು ಮಕ್ಕಳೇ ಸರದಿಯ ಮೇಲೆ ಬಡಿಸುತ್ತಾರೆ. ಮೇಷ್ಟ್ರು ತರಗತಿಯಲ್ಲೇ ಕೂತು ಅದೇ ಊಟ ಮಾಡುತ್ತಾರೆ. ನಾವೂ ಅನ್ನದ ಉಂಡೆ ಮಾಡಿದೆವು. ಸೋನಾ ಮಸೂರಿ ಉದುರುದುರಾದರೆ ಉಂಡೆ ನಿಲ್ಲುವುದಿಲ್ಲ. ನೀರು ಜಾಸ್ತಿ ಹಾಕಿ ಮೆತ್ತಗೆ ಬೇಯಿಸಿ, ಬಿಸಿ ಇರುವಾಗಲೇ ಉಪ್ಪುನೀರಿನ ಕೈಯಲ್ಲಿ ಒತ್ತಿ ಕಟ್ಟಬೇಕು. ಅವರು ಒಳಗೆ ಇಡುವ, ಉಮೆ ಅನ್ನುವ ಹಣ್ಣಿನ ಹುಳಿ ಉಪ್ಪಿನಕಾಯಿಯ ಬದಲು ನಮ್ಮ ನಿಂಬೆ ಉಪ್ಪಿನಕಾಯಿ ಇಟ್ಟೆವು. ಮುದ್ದೆ ಕಟ್ಟಿ ಅಭ್ಯಾಸ ಇರುವ ಕೈಗಳು, ಅರ್ಧ ಗಂಟೆಯಲ್ಲಿ ತಟ್ಟೆ ತುಂಬಿತು.

ಎಲ್ಲಕ್ಕಿಂತ ಚೆನ್ನಾಗಿ ಆದದ್ದು ಕಾಮಿಶಿಬಾಯಿ. ಅಂದರೆ ಕಾಗದದ ನಾಟಕ. 1930ರ ದಶಕದಲ್ಲಿ ಜಪಾನಿನ ಬೀದಿಗಳಿಗೆ ಕಥೆಗಾರರು ಸೈಕಲ್ ಮೇಲೆ ಒಂದು ಮರದ ಚೌಕಟ್ಟು ಇಟ್ಟುಕೊಂಡು ಬರುತ್ತಿದ್ದರು. ಮರದ ತುಂಡುಗಳನ್ನು ಟಕಟಕ ಬಡಿದು ಮಕ್ಕಳನ್ನು ಕರೆದು, ಮಿಠಾಯಿ ಮಾರಿ, ಒಂದೊಂದೇ ಚಿತ್ರ ಎಳೆಯುತ್ತಾ ಕಥೆ ಹೇಳುತ್ತಿದ್ದರು. ನಮ್ಮ ಚೌಕಟ್ಟು ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆ. ಕಾರ್ಡುಗಳು ಹಳೇ ಕ್ಯಾಲೆಂಡರ್ ರಟ್ಟಿಗೆ ಅಂಟಿಸಿದ ಡ್ರಾಯಿಂಗ್ ಹಾಳೆ.

ಇದರಲ್ಲೊಂದು ಜಾಣತನ ಇದೆ. ನೋಡುವವರಿಗೆ ಮೊದಲ ಚಿತ್ರ ಕಾಣುವಾಗ, ಹಿಂದೆ ನಿಂತ ಕಥೆಗಾರನಿಗೆ ಕಾಣುವುದು ಕೊನೆಯ ಕಾರ್ಡಿನ ಬೆನ್ನು. ಹಾಗಾಗಿ ಮೊದಲ ಚಿತ್ರದ ಮಾತನ್ನು ಕೊನೆಯ ಕಾರ್ಡಿನ ಹಿಂದೆ ಬರೆಯಬೇಕು. ಮೊದಲ ಕಾರ್ಡನ್ನು ಎಳೆದು ಹಿಂದಕ್ಕೆ ಸೇರಿಸಿದಾಗ ಅದರ ಬೆನ್ನ ಮೇಲೆ ಎರಡನೇ ಚಿತ್ರದ ಮಾತು ಇರಬೇಕು. ಬಾಯಲ್ಲಿ ಹೇಳಿದರೆ ತಲೆ ಗಿರ್ ಅನ್ನುತ್ತದೆ. ಬರೀ ಅಂಕಿ ಬರೆದ ಖಾಲಿ ಕಾರ್ಡು ಕೊಟ್ಟು ಮಕ್ಕಳೇ ಹಿಂದೆ ಮುಂದೆ ಮಾಡಿ ನೋಡಲಿ ಅಂತ ಬಿಡಿ, ತಾವಾಗೇ ಕಂಡುಹಿಡಿಯುತ್ತಾರೆ.

ಕಥೆ ಯಾವುದು? ಇಂದಿರಾ ಆನೆಯದು. ಯುದ್ಧದ ಕಾಲದಲ್ಲಿ, 1943ರಲ್ಲಿ, ಟೋಕಿಯೋದ ಉಎನೋ ಮೃಗಾಲಯದ ಮೂರು ಆನೆಗಳನ್ನು ಉಪವಾಸ ಕೆಡವಿ ಸಾಯಿಸಿದ್ದರು. ಬಾಂಬು ಬಿದ್ದರೆ ಪ್ರಾಣಿಗಳು ತಪ್ಪಿಸಿಕೊಂಡು ಬೀದಿಗೆ ಬಂದಾವು ಅನ್ನುವ ಕಾರಣ ಹೇಳಿದ್ದರು. ಯುದ್ಧ ಮುಗಿದ ಮೇಲೆ ಅಲ್ಲಿನ ಮಕ್ಕಳು ನಮಗೊಂದು ಆನೆ ಬೇಕು ಅಂತ ನೆಹರೂಗೆ ಪತ್ರ ಬರೆದರು. 1949ರಲ್ಲಿ ನೆಹರೂ ಒಂದು ಆನೆ ಕಳಿಸಿ, ಅದಕ್ಕೆ ತಮ್ಮ ಮಗಳ ಹೆಸರಿಟ್ಟರು. ಆ ಆನೆ ಹೋದದ್ದು ನಮ್ಮ ಮೈಸೂರು ಸೀಮೆಯಿಂದ. ಅದಕ್ಕೆ ತಿಳಿಯುತ್ತಿದ್ದದ್ದು ಕನ್ನಡ. ಜೊತೆಗೆ ಹೋದ ಮಾವುತರಿಂದ ಜಪಾನಿನ ಆನೆ ನೋಡಿಕೊಳ್ಳುವವರು ಆ ಮಾತುಗಳನ್ನು ಕಲಿಯಬೇಕಾಯಿತು. ಇಂದಿರಾ 1983ರವರೆಗೆ ಬದುಕಿತ್ತು.

ಈ ಕಥೆ ಹೇಳಿದ ದಿನ ತರಗತಿ ನನ್ನ ಕೈಯಲ್ಲಿರಲಿಲ್ಲ. ಟೋಕಿಯೋದಲ್ಲಿ ನಿಂತು ಜಪಾನಿನವರು ಆನೆಗೆ ಕನ್ನಡದಲ್ಲಿ ಏನೇನು ಅಂದಿರಬಹುದು ಅಂತ ಒಬ್ಬೊಬ್ಬರದು ಒಂದೊಂದು ಊಹೆ. ಉಪವಾಸ ಬಿದ್ದ ಆನೆಗಳ ಚಿತ್ರ ಬರೆಯಬೇಕೋ ಬೇಡವೋ ಅಂತ ದೊಡ್ಡ ಚರ್ಚೆ ಆಯಿತು. ಚಿಕ್ಕ ತರಗತಿಯವರು ನೋಡುತ್ತಾರೆ, ಅಳುತ್ತಾರೆ ಅಂತ ಕೆಲವರು. ಅದಿಲ್ಲದಿದ್ದರೆ ಮಕ್ಕಳು ಪತ್ರ ಯಾಕೆ ಬರೆದರು ಅಂತ ಹೇಗೆ ಗೊತ್ತಾಗುತ್ತದೆ ಅಂತ ಉಳಿದವರು. ಕೊನೆಗೆ ಖಾಲಿ ಕೊಟ್ಟಿಗೆ, ಅದರ ಬಾಗಿಲಲ್ಲಿ ನಿಂತ ಒಬ್ಬ ನೋಡಿಕೊಳ್ಳುವವನು, ಅಷ್ಟನ್ನೇ ಬರೆದರು. ನಾನು ಹೇಳಿಕೊಟ್ಟಿದ್ದಲ್ಲ, ಅವರೇ ಯೋಚಿಸಿದ್ದು. ಕಥೆಯನ್ನು ಪಕ್ಕದ ಅಂಗನವಾಡಿಯಲ್ಲೂ ಆಡಿ ಬಂದರು.

ಜಪಾನಿನ ಹಬ್ಬಗಳಿಗೆ ಮಾತ್ರ ಕ್ಯಾಲೆಂಡರ್ ನೋಡಿ ಕೆಲಸ ಮಾಡಬೇಕು. ಮೇ 5ರ ಮಕ್ಕಳ ದಿನದ ಮೀನಿನ ಬಾವುಟಗಳು ನಮ್ಮ ಬೇಸಿಗೆ ರಜೆಯಲ್ಲಿ ಕಳೆದುಹೋಗುತ್ತವೆ. ಜುಲೈ 7ರ ನಕ್ಷತ್ರ ಹಬ್ಬ, ತಾನಾಬಾತಾ, ಸರಿಯಾದ ಹೊತ್ತಿಗೆ ಬರುತ್ತದೆ. ಒಂದು ಬಿದಿರಿನ ಕೊಂಬೆ, ಬಣ್ಣದ ಚೀಟಿಗಳು, ಅದರ ಮೇಲೆ ಮಕ್ಕಳು ಬರೆದ ಆಸೆಗಳು, ಇಷ್ಟೇ ಸಾಕು. ಮಾರ್ಚ್ 3ರ ಹೆಣ್ಣು ಮಕ್ಕಳ ಗೊಂಬೆ ಹಬ್ಬ ನಮ್ಮ ಪರೀಕ್ಷೆಯ ಮುಂದೆ ಬರುವುದರಿಂದ ಆ ಪಾಠವನ್ನು ದಸರಾ ರಜೆಗೆ ಮೊದಲಿನ ಶನಿವಾರಕ್ಕೆ ಎಳೆದುಕೊಂಡಿದ್ದೇನೆ. ಕೆಂಪು ಬಟ್ಟೆ ಹಾಸಿದ ಮೆಟ್ಟಿಲು, ಮೇಲಿನ ಮೆಟ್ಟಿಲಲ್ಲಿ ಚಕ್ರವರ್ತಿ ಮತ್ತು ರಾಣಿ. ಫೋಟೋ ನೋಡಿದ ಕೂಡಲೇ 'ಪಟ್ಟದ ಗೊಂಬೆ!' ಅಂತ ಕೂಗಿದರು. ಹಬ್ಬ ಮುಗಿದ ಮೇಲೆ ಗೊಂಬೆ ಎತ್ತಿಡೋದು ತಡವಾದರೆ ಮಗಳ ಮದುವೆ ತಡವಾಗುತ್ತದೆ ಅನ್ನೋ ನಂಬಿಕೆ ಅಲ್ಲಿದೆ ಅಂದೆ. 'ಅಲ್ಲೂ ಅದೇ ಮದುವೆ ಚಿಂತೇನಾ ಮಿಸ್' ಅಂದಳು ಎಂಟನೇ ತರಗತಿಯ ಹುಡುಗಿ. ಆ ಪೀರಿಯಡ್ ಪೂರ್ತಿ ಅದೇ ಮಾತಾಯಿತು, ಗೊಂಬೆಗಳ ಹೆಸರು ಬರೆಸುವುದು ಮುಂದಿನ ಶನಿವಾರಕ್ಕೆ ಹೋಯಿತು.