‘ತೂ’ ಪದಕ್ಕೆ ನಾಲ್ಕು ಕುರ್ಚಿ

ಫ್ರೆಂಚಿನಲ್ಲಿ ‘ಎಲ್ಲ’ ಎನ್ನಲು ‘ತೂ’. ಕನ್ನಡದ ಕಿವಿಗೆ ಅದು ಉಗುಳಿದಂತೆ ಕೇಳಿಸುತ್ತದೆ. ಸ್ತ್ರೀಲಿಂಗದ ‘ತೂತ್’ ಬಂದರಂತೂ ತರಗತಿಯೇ ಗೊಳ್ಳೆನ್ನುತ್ತದೆ. ಆ ನಗು ಬರವಣಿಗೆ ಶುರುವಾಗುವವರೆಗೆ ಮಾತ್ರ. ಬೆಂಗಳೂರಿನಲ್ಲಿ ಕೆನಡಾಕ್ಕೆ ಹೊರಟವರಿಗೆ ಪಾಠ ಹೇಳುವ ನಮಗೆಲ್ಲ, ವಾಕ್ಯದಲ್ಲಿ ಜಾಗ ಬದಲಾದಂತೆ ಈ ಪದದ ರೂಪವೂ ಬದಲಾಗುವ ಕಾಟ ಗೊತ್ತೇ ಇದೆ.

ಕೋಷ್ಟಕ ಬರೆಸಿದೆ. ಬಾಯಿಪಾಠವಾಯಿತು, ವಾಕ್ಯ ಬರಲಿಲ್ಲ. ಬಣ್ಣದ ಕಾರ್ಡುಗಳನ್ನು ಅಚ್ಚು ಹಾಕಿಸಿದೆ, ನಾಲ್ಕು ಸಾವಿರದಷ್ಟು ಹೋಯಿತು. ಬಣ್ಣ ನೆನಪಿತ್ತು, ಲಿಂಗ ಮರೆತಿತ್ತು. ಒಂದು ತಂಡದಲ್ಲಿ ಮೂವರೋ ನಾಲ್ವರೋ ಶುಲ್ಕ ವಾಪಸ್ ಕೇಳಿದರು.

ಆಮೇಲೆ ನಾಲ್ಕು ಪ್ಲಾಸ್ಟಿಕ್ ಕುರ್ಚಿ ತಂದೆ, ವಾಕ್ಯದಲ್ಲಿ ಪದ ಕೂರುವ ಒಂದೊಂದು ಜಾಗಕ್ಕೆ ಒಂದೊಂದು. ಪದದ ಹಲಗೆ ಹಿಡಿದವರು ಮೊದಲು ಜಾಗ ಹಿಡಿಯಬೇಕು, ರೂಪ ಆಮೇಲೆ. “ಸಂಗೀತ ಕುರ್ಚಿ ಆಡಿಸುತ್ತಿದ್ದೀರಾ ಸಾರ್?” ಎಂದು ಸಹೋದ್ಯೋಗಿಯೊಬ್ಬರು ನಕ್ಕರು.

ಮೊದಲನೆಯದು ಇಂಗ್ಲಿಷಿನ ‘ದಿ’ಯಂಥ ‘ಲ’, ‘ಲಾ’, ‘ಲೆ’ಗಳ ಮುಂದಿನದು, ಅಲ್ಲಿ ನಾಮಪದ ಹೇಳಿದಂತೆ ಕೇಳಬೇಕು: ‘ತೂತ್ ಲಾ ಕ್ಲಾಸ್’ (ಇಡೀ ತರಗತಿ), ‘ತೂ ಲೆ ಜೂರ್’ (ಎಲ್ಲ ದಿನ). ಎರಡನೆಯದು ಸಹಾಯಕ ಕ್ರಿಯೆಗೂ ಕೃದಂತಕ್ಕೂ ನಡುವಿನದು: ‘ಜೆ ತೂ ಕೊಂಪ್ರಿ’, ಎಲ್ಲ ಅರ್ಥವಾಯಿತು. ಇಂಗ್ಲಿಷಿನ ಅಭ್ಯಾಸದವರು ಅದನ್ನು ವಾಕ್ಯದ ಕೊನೆಗೆ ಓಡಿಸುತ್ತಾರೆ, ಎಳೆದು ತಂದು ಕೂರಿಸಬೇಕು. ಮೂರನೆಯದು ನಮಗೆ ಸುಲಭ. ಜಾಗ ಎರಡನೆಯದರಂತೆಯೇ ಕಂಡರೂ ಇಲ್ಲಿ ಪದ ವಾಕ್ಯದ ಕರ್ತೃವಿಗೆ ಸೇರಿದ್ದು. ‘ಲೆಜಾಂಫಾಂ ಸೊಂ ತೂಸ್ ವೆನ್ಯು’ ಅಂದರೆ ‘ಮಕ್ಕಳೆಲ್ಲ ಬಂದರು’. ನಮ್ಮ ‘ಎಲ್ಲ’ವೂ ಹೀಗೆ ನಾಮಪದದ ಹಿಂದೆ ಬರುತ್ತದಲ್ಲ!

ಜಗಳವೆಲ್ಲ ನಾಲ್ಕನೆಯದರಲ್ಲಿ, ಗುಣವಾಚಕದ ಮುಂದೆ. ‘ಇಲ್ ಸೊಂ ತೂಸ್ ಕೊಂತಾಂ’ ಎಂದರೆ ಅವರೆಲ್ಲರೂ ಖುಷಿ. ‘ತೂ ಕೊಂತಾಂ’ ಎಂದರೆ ಅವರು ತುಂಬ ಖುಷಿ, ಆಗ ‘ತೂ’ಗೆ ಬಹುವಚನದ ಎಸ್ ಇಲ್ಲ. ಹೆಂಗಸರಾದರೆ ಎರಡಕ್ಕೂ ‘ತೂತ್ ಕೊಂತಾಂತ್’ ಒಂದೇ, ಸಂದರ್ಭವೇ ಗತಿ. ಆದರೆ ಹೆಂಗಸರ ಬಗ್ಗೆ ಹೇಳುವಾಗಲೂ ಗುಣವಾಚಕ ಸ್ವರದಿಂದ ಶುರುವಾದರೆ ‘ತುಂಬ’ದ ಅರ್ಥದಲ್ಲಿ ಪದ ಬದಲಾಗದು. ‘ಎಲ್ ಎ ತೂತೆತೊನೆ’ (ಅವಳಿಗೆ ತುಂಬ ಅಚ್ಚರಿ) ಎನ್ನುವಾಗ ಕಿವಿಗೆ ಸ್ತ್ರೀಲಿಂಗವೆನಿಸಿದರೂ ಬರವಣಿಗೆಯಲ್ಲಿ ಕೊನೆಯ ಇ ಇಲ್ಲ. ಅಂಕ ಹೋಗುವುದು ಇಲ್ಲೇ.

ನಡುವೆ ‘ಅರ್ಧ’ ಎನ್ನುವ ‘ದೆಮಿ’ಯನ್ನೂ ಕೂರಿಸಿ ನೋಡಿದೆ. ಗಂಟೆಯ ಮುಂದೆ ಕುಳಿತರೆ ಅದು ಬದಲಾಗದು, ಹಿಂದೆ ಕುಳಿತರೆ ಇ ಸೇರುತ್ತದೆ. ಎರಡೇ ಕುರ್ಚಿ ಸಾಕಾಯಿತು. ‘ಬಹಳ’ ಎನ್ನುವ ‘ಬೊಕು’ವಿಗೆ ರೂಪಭೇದವೇ ಇಲ್ಲದ್ದರಿಂದ ಆಟ ಸಪ್ಪೆಯಾಯಿತು, ಬಿಟ್ಟೆ.

ಕಳೆದ ತಂಡದ ಹತ್ತು ಹನ್ನೆರಡು ಜನರಲ್ಲಿ ಮಧ್ಯಮ ಮಟ್ಟದ ಬಿ1 ಪರೀಕ್ಷೆ ದಾಟದವರು ಒಬ್ಬಿಬ್ಬರು. ನಕ್ಕ ಸಹೋದ್ಯೋಗಿ ಈಗ ಕುರ್ಚಿಯ ಅಂಗಡಿ ವಿಚಾರಿಸುತ್ತಿದ್ದಾರೆ. ಮೂರರಿಂದ ನಾಲ್ಕಕ್ಕೆ ಎಬ್ಬಿಸುವಾಗ ನಾನು ಕೇಳುವ ಒಂದು ಪ್ರಶ್ನೆಯಿದೆ. ಅದನ್ನು ಅವರಿಗೂ ಹೇಳಿಲ್ಲ, ಶುಲ್ಕ ಕಟ್ಟಿದವರಿಗಷ್ಟೇ.